ಒಲೆಗೆ ಹಾಕಿದ ಸೋಲು

ಮರುಜೋಡಣಾ ಯಂತ್ರ ಹುಲಿಗೆಮ್ಮನ ಮುರಿದ ಕತ್ತನ್ನು ಹಿಡಿದು, ಒಮ್ಮೆ ಗುರ್ರೆಂದು, ನಿಂತೇಬಿಟ್ಟಿತು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: "ಮೊದಲ ದೇಹಪ್ರತಿ ಸಿಗುತ್ತಿಲ್ಲ."

ಈಗಷ್ಟೇ ಸಂಡೂರಿನ ಕೆಂಚವ್ವ ಅವಳನ್ನು ಎತ್ತಿ, ತಲೆ ಕೆಳಗಾಗಿ ಅಖಾಡಕ್ಕೆ ಕುಕ್ಕಿದ್ದಳು. ಮೂಳೆ ಲಟಕ್ಕೆಂದಿತ್ತು, ಬಾಯಿಂದ ರಕ್ತ ಮಣ್ಣಿಗೆ ಹರಿದಿತ್ತು, ಜನ ಸಿಳ್ಳೆ ಹಾಕಿದ್ದರು. ಹಾಕದೆ ಏನು! ಹತ್ತು ನಿಮಿಷದೊಳಗೆ ಯಂತ್ರಕ್ಕೆ ಮಲಗಿಸಿದರೆ ಬೆಳಿಗ್ಗೆ ತೆಗೆದಿಟ್ಟ ಪ್ರತಿಯಂತೆ ದೇಹ ಎದ್ದು ಕೂರುತ್ತಿತ್ತು. ಜೀವ ಉಳಿಸಲು ಬಂದ ಯಂತ್ರ ಕುಸ್ತಿಯನ್ನು ಕಟುಕರ ಆಟ ಮಾಡಿಬಿಟ್ಟಿತ್ತು.

"ಬೆಳಿಗ್ಗೀದು ಐತಲ್ರೀ!" ಹೊನ್ನೂರಪ್ಪ ಕೂಗಿದ. ಗರಡಿಯ ಉಸ್ತಾದನೂ ಅವನೇ, ಹುಲಿಗೆಮ್ಮನ ಅಪ್ಪನೂ ಅವನೇ.

"ಇದೆ. ಆದರೆ ಅದರಲ್ಲಿರುವುದು ಹಿಂದಿನ ಪ್ರತಿಗಿಂತ ಬದಲಾದದ್ದು ಮಾತ್ರ," ಎಂದರು ಯಂತ್ರ ರೂಪಿಸಿದ ಡಾ. ಪಾವಟೆ. "ಅದರ ಹಿಂದಿನದೂ ಹಾಗೆಯೇ. ಪೂರ್ತಿ ದೇಹ ಇರುವುದು ಮೊದಲನೆಯದರಲ್ಲಿ ಮಾತ್ರ. ಅದನ್ನು ಯಾರು ಅಳಿಸಿದರು?"

ಹೊನ್ನೂರಪ್ಪ ಹಣೆ ಚಚ್ಚಿಕೊಂಡ. ಮೊದಲ ಪ್ರತಿ ತೆಗೆದದ್ದು ಹುಲಿಗೆಮ್ಮನ ಮೊದಲ ಕುಸ್ತಿಯ ದಿನ. ಅಂದು ಸೋತಿದ್ದಳು, ಆಮೇಲೆ ಇವತ್ತಿನವರೆಗೆ ಸೋತೇ ಇಲ್ಲ, ದೇಹ ಕೂಡಿಸಿಕೊಳ್ಳಲು ಯಂತ್ರ ಹತ್ತಿಯೂ ಇಲ್ಲ. ಗೆಲುವು ಬಂದ ದಿನ ಸೋತಾಗ ಉಟ್ಟ ಚಲ್ಲಣವನ್ನು ಒಲೆಗೆ ಹಾಕುವುದು ಅವನ ಗರಡಿಯ ಪದ್ಧತಿ. ಚಲ್ಲಣದ ಜೊತೆ ಆ ಪ್ರತಿಯನ್ನೂ ತಾನೇ ಕೈಯಾರೆ ಅಳಿಸಿದ್ದ.

"ನಕಲು ಎಲ್ಲಾದರೂ ಇದೆಯೇ? ಆರೇ ನಿಮಿಷ ಉಳಿದಿದೆ."

ಇತ್ತು. ಸೋತವರ ಪ್ರತಿಯ ನಕಲನ್ನು ಗೆದ್ದವರಿಗೆ ಕೊಡುವುದು ಅಖಾಡದ ರೂಢಿ. ಅಂದು ಗೆದ್ದವಳೂ ಕೆಂಚವ್ವನೇ. ಅಯ್ಯೋ, ಮಗಳು ಬಿದ್ದ ಸಿಟ್ಟಿಗೆ ಈಗಷ್ಟೇ ಆ ಕೆಂಚವ್ವನ ಎರಡು ಹಲ್ಲು ಉದುರಿಸಿ ಬಂದಿದ್ದನಲ್ಲ!

ಓಡಿದ. ಕೆಂಚವ್ವ ರಕ್ತ ಉಗಿದು, ಅವನ ಗಂಟಲು ಹಿಡಿದು ಗೋಡೆಗೆ ಬಡಿದಳು. ಅವಳ ಕೊರಳಲ್ಲಿ ಆ ನಕಲಿನ ಪುಟ್ಟ ಬಿಲ್ಲೆ ತಾಯಿತದ ಹಾಗೆ ತೂಗುತ್ತಿತ್ತು.

"ಮಗಳು ಸೋತೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ಯಲ್ಲೋ! ಈಗ ಬಾಯ್ಬಿಟ್ಟು ಹೇಳು."

"ಸೋತಿದ್ಳವ್ವಾ," ಉಸಿರು ಸಿಕ್ಕಿಕೊಂಡು ಹೊನ್ನೂರಪ್ಪ ಅತ್ತ. "ನಿನ್ ಕೈಯಾಗ ಸೋತಿದ್ಳು."

ಕೆಂಚವ್ವ ದಾರವನ್ನು ಹರಿದು ಬಿಲ್ಲೆಯನ್ನು ಅವನ ಅಂಗೈಗೆ ತುರುಕಿದಳು. "ಓಡು ಮುದುಕಾ!"

ಒಂಬತ್ತನೆಯ ನಿಮಿಷದಲ್ಲಿ ಯಂತ್ರ ಮತ್ತೆ ಗುರ್ರೆಂದಿತು. ಕತ್ತು ಕೂಡಿತು, ಎದೆ ಏರಿತು, ಹುಲಿಗೆಮ್ಮ ಕಣ್ಣು ಬಿಟ್ಟಳು. ಅವಳಿಗೆ ನೆನಪಿದ್ದದ್ದು ಬೆಳಗಿನವರೆಗೆ ಮಾತ್ರ.

"ಅಪ್ಪಾ, ಕುಸ್ತಿ ಯಾವಾಗ ಸುರು?"

ಸುಳ್ಳು ಹೇಳಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಮುಗೀತವ್ವಾ. ನೀ ಸೋತಿ," ಎಂದು ಹೊನ್ನೂರಪ್ಪ ಅವಳ ಕತ್ತು ಸವರಿದ. ಆಮೇಲೆ ಪಾವಟೆಯವರ ಕಡೆ ತಿರುಗಿದ. "ಡಾಕ್ಟ್ರೇ, ಇವತ್ತಿಂದೂ ಒಂದು ಪ್ರತಿ ತಗೀರಿ. ಎರಡು ನಕಲು ಮಾಡ್ರಿ. ಒಂದು ಕೆಂಚವ್ವಗ, ಒಂದು ನನಗ."