ಎಡಗಡೆಯ ಹಿಂದಿನ ಗಾಲಿ

ದೇಶದಲ್ಲಿ ದೊಡ್ಡ ದೊಡ್ಡ ಅಪರಾಧಗಳು ನಡೆಯುತ್ತಿರುತ್ತವೆ; ಅವುಗಳ ತನಿಖೆಗೆ ದೊಡ್ಡ ದೊಡ್ಡ ಕಚೇರಿಗಳೂ ಇವೆ. ಆದರೆ ಬಸವಣ್ಣೆಪ್ಪನವರ ಬಿಳಿ ಕಾರಿನ ಎಡಗಡೆಯ ಹಿಂದಿನ ಗಾಲಿಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಬೋಲ್ಟು ಮುರಿದ ಪ್ರಕರಣವನ್ನು ಯಾವ ಕಚೇರಿಯೂ ಕೈಗೆತ್ತಿಕೊಳ್ಳಲಿಲ್ಲ. ಆದ್ದರಿಂದ ಅದರ ಸಂಪೂರ್ಣ ವೃತ್ತಾಂತವನ್ನು ದಾಖಲಿಸುವ ಹೊಣೆ ನನ್ನ ಮೇಲೆ ಬಿದ್ದಿದೆ.

ಬಮ್ಮಿಗಟ್ಟಿಯಲ್ಲಿ ಇಂಥ ಹೊಣೆಗಳು ಹುಟ್ಟುವುದು ಗೌರಕ್ಕನ ಹಿಟ್ಟಿನ ಗಿರಣಿಯಲ್ಲಿ. ಜೋಳ ಬೀಸಿಸಲು ಬಂದವರು ಯಂತ್ರದ ಸದ್ದಿಗೆ ಧ್ವನಿ ಏರಿಸಿ ಮಾತಾಡುತ್ತಾರೆ; ತಮ್ಮ ಗುಟ್ಟನ್ನು ತಾವೇ ಕೂಗಿ ಹೇಳುತ್ತಿದ್ದೇವೆಂದು ಅವರಿಗೆ ಹೊಳೆಯುವುದಿಲ್ಲ. ಗೌರಕ್ಕನಿಗೆ ಆ ಸದ್ದಿನೊಳಗೂ ಎಲ್ಲ ಕೇಳುತ್ತದೆ. ಊರಿನಲ್ಲಿ ಕಾಣೆಯಾದ ಪಂಪ್‌ಸೆಟ್ಟುಗಳ ಪೈಕಿ ಪೊಲೀಸರು ಹುಡುಕಿದ್ದಕ್ಕಿಂತ ಆಕೆ ಹುಡುಕಿದ್ದು ಹೆಚ್ಚು. ನಿವೃತ್ತ ಶಾಲಾ ಮಾಸ್ತರನಾದ ನಾನು ಪೇಪರ್ ಓದುವ ನೆವದಲ್ಲಿ ಅಲ್ಲೇ ಕೂಡುತ್ತೇನೆ.

ಆ ದಿನ ಮುಂಜಾನೆ ಮಾಂತೇಶ ಓಡುತ್ತ ಬಂದ. ಬಸವಣ್ಣೆಪ್ಪನವರ ಕಾರು ನಡೆಸುವ ಹುಡುಗ.

"ಅಕ್ಕಾರ, ಸ್ವಲ್ಪ ಮಷೀನ್ ಬಂದ್ ಮಾಡ್ರಿ. ನನ್ನ ಹೊಟ್ಟಿ ಮ್ಯಾಲ ಬಂದೈತಿ."

"ಯಾರರ ಹೊಡದಾರೇನು?"

"ಹೊಡದಿದ್ರ ಛಲೋ ಇತ್ರಿ. ಸಾವ್ಕಾರ್ರು ಕೀಲಿ ಇಟ್ಟು ಹೋಗಂದಾರ."

ಬೆಳಿಗ್ಗೆ ಅವನು ಕೆಲಸಕ್ಕೆ ಹೋದಾಗ ಹಿಂದಿನ ಎಡಗಾಲಿಯ ಗಾಳಿ ಇಳಿದಿತ್ತಂತೆ. ಸ್ಟೆಪ್ನಿ ಹಾಕಲು ಕೂತರೆ ನಾಲ್ಕರಲ್ಲಿ ಒಂದು ಬೋಲ್ಟು ಮುರಿದು, ನಟ್ಟಿನ ಸಮೇತ ಗಾಲಿಯ ಕೆಳಗಿನ ಮಣ್ಣಿನಲ್ಲಿ ಬಿದ್ದಿತ್ತು. ಉಳಿದ ಮೂರು ನಟ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನೀನ ದನದಂಗ ಬಿಗಿ ಮಾಡಿ ಮುರದಿ ಅಂತಾರ್ರಿ. ಇವತ್ತಿನ ತನಕ ಆ ಗಾಲಿಗೆ ನಾ ಕೈನ ಹಚ್ಚಿದ್ದಿಲ್ಲ. ಪಗಾರ ಹೋದ್ರ ಹೋಗ್ಲಿ ಬಿಡ್ರಿ. ಗಾಡಿ ಕೆಡಿಸಿದ ಡ್ರೈವರ್ ಅಂತ ಹೆಸರು ಬಿತ್ತಂದ್ರ ಕಲಘಟಗಿ ತುಂಬ ಯಾರ್ ನನಗ ಸ್ಟೇರಿಂಗ್ ಕೊಡ್ತಾರ?"

ಗೌರಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ನಡೀರಿ ಮಾಸ್ತರ್ರ, ನೋಡ್ಕೊಂಡ್ ಬರೂಣು." ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಆಕೆ ಓಣಿ ದಾಟಿದ್ದಳು.

ಅಂಗಳದಲ್ಲಿ ಬಸವಣ್ಣೆಪ್ಪನವರು ಕುರ್ಚಿಯಲ್ಲಿ ಕಂಬದಂತೆ ನೆಟ್ಟಗೆ ಕೂತಿದ್ದರು. ಕಾಲ ಬಳಿ ನೆಲದ ಮೇಲಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಬಾಜೂಕ್ಕೆ ಅವರ ಹೆಂಡತಿ ನಂದಾ ಅವರೆಕಾಯಿ ಸುಲಿಯುತ್ತಿದ್ದರು. ಬೆನ್ನಿನ ಆಪರೇಷನ್ ಆದಂದಿನಿಂದ ಬಸವಣ್ಣೆಪ್ಪನವರು ಸೊಂಟಕ್ಕೆ ಪಟ್ಟಿ ಕಟ್ಟುತ್ತಾರೆ. ಭಾರ ಮುಟ್ಟುವುದಿಲ್ಲವೆಂದು ನಂದಾ ಗಂಡನಿಂದ ದೇವರ ಮುಂದೆ ಆಣೆ ಮಾಡಿಸಿದ್ದಾರೆ.

"ಬಾ ಗೌರಕ್ಕ, ನೀನ ಹೇಳು," ಎಂದರು ಬಸವಣ್ಣೆಪ್ಪನವರು. "ಇಪ್ಪತ್ತು ವರ್ಷ ಮುಂಬೈ ರೋಡಿನ್ಯಾಗ ಲಾರಿ ಹೊಡದಾಂವ ನಾ. ಒಂದ್ ಬೋಲ್ಟ್ ಮುರದಿಲ್ಲ. ಇವಂಗ ವರ್ಷದಾಗ ಮುರೀತು."

ಕಲಘಟಗಿಯಿಂದ ಬಂದ ಮೆಕ್ಯಾನಿಕ್ ಸಾಧಿಕ್ ದರ ಕುದುರದೆ ನಟ್ಟು ತಿರುವುವ ಪಾನಾ ಹಚ್ಚುವವನಲ್ಲ. ಗಾಲಿಯ ಬದಿಗೆ ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಬೋಲ್ಟಿಗೆ ನೂರಾ ಇಪ್ಪತ್ತು, ನಟ್ಟಿಗೆ ನಲವತ್ತು. ಡ್ರಮ್ ಬಿಚ್ಚಿ, ಹಳೇದು ಬಡದು ತಗದು, ಹೊಸಾದು ಕೂಡ್ಸೂ ಮಜೂರಿ ಆರ್ನೂರು."

"ಬೆರಳಷ್ಟು ಬೋಲ್ಟಿಗೆ ಏಳ್ನೂರಾ ಅರವತ್ತೇನಲೇ?"

"ಬೋಲ್ಟಿಗಲ್ರಿ ಸಾವ್ಕಾರ್ರ. ಬೋಲ್ಟಿನ ತನಕ ಹೋಗೂದಕ್ಕ."

ಗೇಟಿನ ಬಳಿ ಈರೇಶ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಮಾಂತೇಶನಿಗಿಂತ ಮೊದಲು ಈ ಕಾರು ನಡೆಸುತ್ತಿದ್ದವನು. ಸ್ಟೇರಿಂಗ್ ಮೇಲೆ ತೂಕಡಿಸಿದ್ದಕ್ಕೆ ಕೆಲಸ ಕಳೆದುಕೊಂಡವನು.

"ಕೆಲಸ ಖಾಲಿ ಆಗೂ ಸುದ್ದಿ ನಿನಗ ಭಾಳ ಲಗೂ ಮುಟ್ಟೇತಲಾ," ಎಂದಳು ಗೌರಕ್ಕ.

"ಸುಮ್ಮ ಹಾದು ಹೊಂಟಿದ್ದೆ ರೀ ಅಕ್ಕಾ."

"ಇಸ್ತ್ರಿ ಮಾಡ್ಕೊಂಡೇನು?"

ಗೌರಕ್ಕ ಗಾಲಿಯ ಮುಂದೆ ಕೂತಳು. "ಸಾಧಿಕ್, ಇದು ಬಿಚ್ಚಾಕ ಹೋಗಿ ಮುರದದ್ದೋ, ಬಿಗಿ ಮಾಡಿ ಮುರದದ್ದೋ?"

"ಬಿಗಿ ಮಾಡ್ಯಾರ್ರಿ. ನೋಡ್ರಿ, ಉಳಿದ ನಟ್ಟು ರಿಮ್ಮಿನ್ಯಾಗ ಇಳದು ಕುಂತಾವು. ಗುರುತು ಹಸಿ ಐತಿ."

"ಬ್ಯಾರೆ ಮೂರು ಗಾಲಿ?"

"ಬರೋಬ್ಬರಿ ಅದಾವು."

"ಎಲ್ಲಾ ಗಾಡಿ ನಟ್ಟಿಗೂ ಬಿಚ್ಚೂ ದಿಕ್ಕು ಒಂದ ಏನು?"

"ಈಗಿನ ಗಾಡಿಗೆ ಒಂದ ರೀ."

ನನ್ನ ಮಟ್ಟಿಗೆ ಪ್ರಕರಣ ಬಗೆಹರಿದಿತ್ತು. "ಈರೇಶನ ಮಾಡ್ಯಾನ," ಎಂದು ಆಕೆಯ ಕಿವಿಯಲ್ಲಿ ಹೇಳಿದೆ. "ಅಂಗಿ ನೋಡಿದ್ರ ಗೊತ್ತಾಗ್ತದ."

"ಅಂಗಿ ನೋಡಿ ಬೋಲ್ಟ್ ಮುರಿಯಂಗಿಲ್ಲ ಮಾಸ್ತರ್ರ," ಎಂದಳು. ಎದ್ದು ನಿಂತು ಎಲ್ಲರನ್ನೂ ಕಾರಿನ ಮುಂದಿನ ಎಡಗಾಲಿಯ ಹತ್ತಿರ ಕರೆದಳು. ಬಸವಣ್ಣೆಪ್ಪನವರ ಕುರ್ಚಿಯಿಂದ ಆ ಗಾಲಿ ಚೆನ್ನಾಗಿ ಕಾಣುತ್ತಿತ್ತು.

"ಈರೇಶ, ಪಾನಾ ತಗೊಂಡು ಇದರ ಒಂದು ನಟ್ಟು ಸಡ್ಲ ಮಾಡು."

ಈರೇಶ ಪಾನಾ ಕೂಡಿಸಿ, ಹಿಡಿಯನ್ನು ಎಡಕ್ಕೆ ಒತ್ತಲು ಮೈ ಬಗ್ಗಿಸಿದ. ಅಷ್ಟರಲ್ಲಿ ಕುರ್ಚಿಯಿಂದ ಗುಡುಗು ಬಂತು.

"ಏ ಮಳ್ಳ, ಎಡಬಾಜು ಗಾಲಿ ಅದು. ಬಲಕ್ಕ ತಿರುವಲೇ, ಬಿಚ್ಚತೈತಿ."

ಸಾಧಿಕ್ ತಲೆ ಎತ್ತಿ ನೋಡಿದ. ಗೌರಕ್ಕ ಮಾತ್ರ ಸಂತೆಯಲ್ಲಿ ಸರಿಯಾದ ದರ ಕೇಳಿದವಳಂತೆ ತಲೆಯಾಡಿಸಿದಳು.

"ಸಾಧಿಕ್, ಬಲಕ್ಕ ತಿರುವಿದ್ರ ಏನಾಕ್ಕೈತಿ?"

"ಇನ್ನಷ್ಟು ಬಿಗಿ ಆಕ್ಕೈತ್ರಿ. ಒತ್ತಿದ್ರ ಮುರೀತೈತಿ."

"ಕೇಳ್ರಿ ಹಂಗಾರ," ಎಂದಳು ಗೌರಕ್ಕ. "ನಟ್ಟು ಗಾಲಿ ಕೆಳಗ ಬಿದ್ದಿತ್ತು. ಅಂದ್ರ ಬೋಲ್ಟ್ ದಾರ್ಯಾಗ ಮುರದಿಲ್ಲ, ಈ ಅಂಗಳದಾಗ ಮುರದೈತಿ. ಈರೇಶ ಮಾಡಿದ್ನೇನು? ಗಾಡಿ ಕೆಡಸಾಕ ಬಂದಾಂವ ನಟ್ಟು ಸಡ್ಲ ಮಾಡ್ತಾನ, ಬಿಗಿ ಮಾಡಂಗಿಲ್ಲ. ಗಾಳಿ ಇಳದಿದ್ದು ಒಂದ ಗಾಲಿ, ಬಿಗಿ ಆಗಿದ್ದೂ ಅದ ಗಾಲಿ. ಯಾರೋ ಅದನ್ನ ಬಿಚ್ಚಾಕ ಹೋಗ್ಯಾರ. ಬಿಚ್ಚಾಕ ಹೋದಾಂವ ಬಿಗಿ ಯಾಕ ಮಾಡಿದ? ಬಿಚ್ಚೂ ದಿಕ್ಕು ಅದ ಅಂತ ತಿಳದಿದ್ದ. ನಮ್ಮ ಮನಿಯವರು ಲಾರಿ ಕ್ಲೀನರ್ ಇದ್ದಾಗ ಹೇಳ್ತಿದ್ರು, ಹಳೇ ಲಾರಿ ಎಡಬಾಜು ಗಾಲಿ ನಟ್ಟಿಂದು ಉಲ್ಟಾ ತಿರುವಂತ. ಈ ಅಂಗಳದಾಗ ಹಳೇ ಲಾರಿ ಹೊಡದಾವ್ರು ಒಬ್ಬರ."

ನಂದಾ ಕೈಯಲ್ಲಿನ ಅವರೆಕಾಯಿ ಕೆಳಗಿಟ್ಟರು. "ಇವರು ಮುಂಜಾನೆಯಿಂದ ಚಹಾಕ್ಕೂ ಬಗ್ಗಿಲ್ಲ," ಎಂದರು ನಿಧಾನವಾಗಿ.

"ಅದನ್ನ ನಾನೂ ನೋಡಿದೆ," ಎಂದಳು ಗೌರಕ್ಕ.

ಬಸವಣ್ಣೆಪ್ಪನವರು ಗೋಡೆ ನೋಡಿದರು. "ನಸುಕಿನ್ಯಾಗ ಎದ್ದಿದ್ದೆ. ಗಾಳಿ ಇಳದಿತ್ತು. ಸ್ಟೆಪ್ನಿ ನಾನ ಹಾಕಿದ್ರಾತು ಅಂದೆ. ನಟ್ಟು ಬರ್ಲಿಲ್ಲ. ಪಾನಾದ ಮ್ಯಾಲ ನಿಂತೆ."

"ನಿಂತ್ರಿ?" ಎಂದರು ನಂದಾ.

"ಸ್ವಲ್ಪ."

"ಹತ್ತಿ ನಿಂತ್ರಿ, ಸ್ವಲ್ಪ."

"ಖರೇ ಹೇಳ್ತೀನಿ, ಮಾಂತೇಶನ ಅಷ್ಟು ಬಿಗಿ ಮಾಡ್ಯಾನ ಅಂತ ತಿಳದಿದ್ದೆ. ದೇವರ ಮುಂದಿನ ಆಣಿ ಮುರದದ್ದು ನಿನಗ ಹೇಳಾಕ ಧೈರ್ಯ ಆಗ್ಲಿಲ್ಲ." ಅವರು ಜೇಬಿನಿಂದ ಕೀಲಿ ತೆಗೆದರು. "ತಗೋ ಮಾಂತೇಶ."

ಮಾಂತೇಶ ಕೈ ಚಾಚಲಿಲ್ಲ. "ಕೀಲಿ ಆಮ್ಯಾಲ ಕೊಡ್ರಿ ಸಾವ್ಕಾರ್ರ. ಮುರದಾವ್ರು ಯಾರಂತ ಮೊದಲು ಸಾಧಿಕ್‌ಗ ನಿಮ್ಮ ಬಾಯಿಲೆ ಹೇಳ್ರಿ. ಅಂವಾ ಹೇಳಿದ್ರ ಕಲಘಟಗಿ ಎಲ್ಲಾ ಕೇಳತೈತಿ."



"ಸಾಧಿಕ್," ಎಂದರು ಬಸವಣ್ಣೆಪ್ಪನವರು, "ಬೋಲ್ಟ್ ಮುರದಾಂವ ನಾ. ಹುಡುಗನ ತಪ್ಪಿಲ್ಲ. ಗ್ಯಾರೇಜಿನ್ಯಾಗ ಹಂಗ ಹೇಳು."

ಮಾಂತೇಶ ಕೀಲಿ ತೆಗೆದುಕೊಂಡ. ಈರೇಶ ಹಾದು ಹೋದ.

ಗಾಲಿ ಬಿಚ್ಚಿದಾಗ ಬಾಜೂಕಿನ ಎರಡು ಬೋಲ್ಟುಗಳೂ ಜಗ್ಗಿ ಉದ್ದವಾಗಿದ್ದವು, ಅವನ್ನೂ ಬದಲಿಸಬೇಕಾಯಿತು. ಒಟ್ಟು ಖರ್ಚು ಒಂದು ಸಾವಿರದ ಎಂಬತ್ತು ರೂಪಾಯಿ. ಬಸವಣ್ಣೆಪ್ಪನವರು ಕೊಟ್ಟರು. ಮಧ್ಯಾಹ್ನ ಮಾಂತೇಶ ಅವರನ್ನು ಅದೇ ಕಾರಿನಲ್ಲಿ ಹುಬ್ಬಳ್ಳಿಯ ಬೆನ್ನಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.