ಆರ್ಗಾನ್ ನಂತರ ಪೊಟಾಸಿಯಂ

"ನನ್ನ ಪುಸ್ತಕ ತಿದ್ದೋಕೆ ನಿಮಗೆ ಯಾರ್ರೀ ಹೇಳಿದ್ದು?"

ತಿಲಕ್ ನಗರದ ಪುಟ್ಟ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಚೂಡಾಮಣಿ ಪ್ರೂಫಿನ ಹಾಳೆಯನ್ನು ಅಕ್ಷರ ಜೋಡಿಸುವ ಕಂಪೋಸಿಟರ್ ಜಯದೇವಪ್ಪನ ಮುಖದ ಮುಂದೆ ಹಿಡಿದಳು. ಜಯನಗರದ ಹೈಸ್ಕೂಲೊಂದರಲ್ಲಿ ಅವಳು ವಿಜ್ಞಾನದ ಟೀಚರ್. ಕನ್ನಡ ಮೀಡಿಯಂ ಮಕ್ಕಳಿಗಾಗಿ ಎರಡು ವರ್ಷ ಕೂತು ರಸಾಯನಶಾಸ್ತ್ರದ ಪುಸ್ತಕ ಬರೆದಿದ್ದಳು. 1962ರ ಜೂನ್‌ಗೆ, ಶಾಲೆ ತೆರೆಯುವ ಹೊತ್ತಿಗೆ, ಅದು ಅಚ್ಚಾಗಬೇಕಿತ್ತು. ಈಗ ನೋಡಿದರೆ ಆವರ್ತ ಕೋಷ್ಟಕದಲ್ಲಿ ಆರ್ಗಾನ್ ಇರಬೇಕಾದ ಮನೆಯಲ್ಲಿ ಪೊಟಾಸಿಯಂ ಬಂದು ಕೂತಿತ್ತು.

ಜಯದೇವಪ್ಪ ಬೆರಳಿನ ಮಸಿ ಒರೆಸಿಕೊಂಡ. "ತೂಕ ನೋಡಿದೆ ಮೇಡಂ. ಅಲ್ಲೀವರೆಗೂ ಕಡಿಮೆಯಿಂದ ಜಾಸ್ತಿಗೇ ಹೋಗಿದೆ. ಪೊಟಾಸಿಯಂ ಮೂವತ್ತೊಂಬತ್ತು ಪಾಯಿಂಟ್ ಒಂದು, ಆರ್ಗಾನ್ ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು. ಅವಸರದಲ್ಲಿ ಹಿಂದುಮುಂದು ಬರೆದಿದೀರ ಅಂದ್ಕೊಂಡೆ."

ಚೂಡಾಮಣಿಯ ಕೋಪ ಅರ್ಧಕ್ಕೇ ನಿಂತಿತು. ಹೆಡ್‌ಮಾಸ್ಟರ್ ಹಸ್ತಪ್ರತಿಯನ್ನು ಬರೀ ತಿರುವಿ ಹಾಕಿದ್ದರು. ಅಪ್ಪ ಓದಿದ್ದು ಮೊದಲ ಹಾಳೆಯ ಮೇಲಿದ್ದ ಮಗಳ ಹೆಸರು ಮಾತ್ರ. ಈ ಮನುಷ್ಯ ಒಂದೊಂದು ಅಂಕಿಯನ್ನೂ ಓದಿದ್ದ.

"ಸಾಲು ತೂಕದ್ದಲ್ಲ, ಪರಮಾಣು ಸಂಖ್ಯೆಯದು," ಅವಳ ದನಿ ತಗ್ಗಿತು. "ಒಂದರ ಕೆಳಗೊಂದು ಇರೋವು ಒಂದೇ ಗುಣದವು. ಆರ್ಗಾನ್ ಯಾರ ಸಹವಾಸಕ್ಕೂ ಹೋಗಲ್ಲ. ಪೊಟಾಸಿಯಂಗೆ ನೀರು ತಗುಲಿದ್ರೆ ಸಾಕು, ಹತ್ತಿಕೊಂಡು ಉರಿಯುತ್ತೆ."

"ನಿಮ್ಮ ಹಾಗೆ," ಎಂದವನು ತಕ್ಷಣ ನಾಲಗೆ ಕಚ್ಚಿಕೊಂಡ.

ನಗು ಕಾಣದಿರಲಿ ಎಂದು ಅವಳು ಬೀದಿಯ ಕಡೆ ತಿರುಗಿದಳು.

ಆಮೇಲೆ ದಿನಾ ಸಂಜೆ ಪ್ರೂಫ್ ನೋಡಲು ಅವಳೇ ಬಂದಳು. ಅವನು ನಿಂತು ಅಚ್ಚಿನ ಮೊಳೆ ಜೋಡಿಸುತ್ತ ಕೇಳುತ್ತಿದ್ದ.

"ಮೇಣ ಕರಗೋದು ಒಂದು ಬಗೆ ಬದಲಾವಣೆ, ಉರಿಯೋದು ಇನ್ನೊಂದು ಬಗೆ ಅಂತೀರಿ. ಮೇಣದಬತ್ತೀಲಿ ಎರಡೂ ಒಟ್ಟಿಗೇ ಆಗುತ್ತಲ್ಲ ಮೇಡಂ, ಮಕ್ಕಳಿಗೆ ಗೊಂದಲ ಆಗಲ್ವಾ?"

ಅವಳು ಆ ಪಾಠವನ್ನೇ ಹೊಸದಾಗಿ ಬರೆದುಕೊಟ್ಟಳು. ಬರೆದದ್ದನ್ನು ಅವನು ಓದುವಾಗ ಹುಬ್ಬು ಮೇಲೇರಿದರೆ ಅವಳಿಗೆ ಉಸಿರು ನಿಲ್ಲುತ್ತಿತ್ತು. ತುಟಿಯಂಚು ಅರಳಿದರೆ ಮತ್ತೆ ಬರುತ್ತಿತ್ತು.

ಕೊನೆಯ ಪ್ರೂಫ್ ಮನೆಗೆ ಬಂತು. ಮೂರು ಸಲ ಓದಿದಳು. ಒಂದೇ ಒಂದು ತಪ್ಪು ಸಿಗಲಿಲ್ಲ. ಸಂತೋಷಪಡುವ ಬದಲು, ಒಂದಾದರೂ ಸಿಗಲಿ ಎಂದು ನಾಲ್ಕನೇ ಸಲ ಹುಡುಕಿದಳು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಅಷ್ಟರಲ್ಲಿ ಅಪ್ಪ ಅನಂತರಾಮು ಹೇಳಿದರು, "ಭಾನುವಾರ ಮೈಸೂರಿನವರು ನಿನ್ನ ನೋಡೋಕೆ ಬರ್ತಾರೆ ಕಣಮ್ಮ."

ಶುಕ್ರವಾರ ಪ್ರೆಸ್ಸಿಗೆ ಹೋದಾಗ ಜಯದೇವಪ್ಪ ಪೆನ್ನು ಮುಂದಿಟ್ಟ. "ಅಚ್ಚಿಗೆ ಹಾಕಬಹುದು ಅಂತ ಸಹಿ ಮಾಡಿ ಮೇಡಂ."

ಅವಳು ಪೆನ್ನು ಮುಟ್ಟಲಿಲ್ಲ. "ಸಹಿ ಮಾಡಿದ್ರೆ ನಾನು ನಾಳೆಯಿಂದ ಬರೋ ಹಾಗಿಲ್ಲ." ಸ್ವಲ್ಪ ತಡೆದು, "ಭಾನುವಾರ ನನ್ನ ನೋಡೋಕೆ ಬರ್ತಿದಾರೆ," ಎಂದಳು.

ಅವನ ಕೈಯ ಮೊಳೆಗಳು ನೆಲಕ್ಕೆ ಚೆಲ್ಲಿದವು. ಇಬ್ಬರೂ ಆರಿಸಲು ಬಗ್ಗಿದರು.

"ನಾನು ಓದಿರೋದು ಏಳನೇ ಕ್ಲಾಸು," ಅವನು ನೆಲ ನೋಡುತ್ತಲೇ ಹೇಳಿದ. "ಜಾತಿನೂ ಬೇರೆ. ನಿಮ್ಮಪ್ಪ ಒಪ್ಪಲ್ಲ."

"ಅಪ್ಪನ ವಿಷಯ ಆಮೇಲೆ. ನಿಮ್ಮ ಮನಸ್ಸಲ್ಲಿ ಏನಿದೆ?"

ಅವನು ತಲೆಯೆತ್ತಿದ. "ನೀವು ಬರೋ ಹೊತ್ತಿಗೆ ಗಡಿಯಾರ ನೋಡಿ ನೋಡಿ ಎರಡು ತಿಂಗಳಾಯ್ತು. ಸಹಿ ಮಾಡಿ, ಚೂಡಾಮಣಿ. ಪುಸ್ತಕ ಮಕ್ಕಳಿಗೆ ಬೇಕು. ನಾಳೆ ಬೆಳಿಗ್ಗೆ ನಾನೇ ಮನೆಗೆ ಬರ್ತೀನಿ."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಪೆನ್ನು ಎತ್ತಿಕೊಂಡಳು. ಸಹಿ ಸ್ವಲ್ಪ ಸೊಟ್ಟಗೇ ಬಿತ್ತು.

ಶನಿವಾರ ಬೆಳಿಗ್ಗೆ ಅರ್ಧ ದಿನದ ಶಾಲೆಗೂ ಹೋಗದೆ ಅವಳು ಕಿಟಕಿಗೂ ಅಡುಗೆಮನೆಗೂ ಎಷ್ಟು ಸಲ ಓಡಾಡಿದಳೋ ಲೆಕ್ಕವಿಲ್ಲ. ಎಂಟು ಹೊಡೆಯಿತು, ಒಂಬತ್ತಾಯಿತು. ಬರುವುದಿಲ್ಲವೇನೋ ಎನ್ನಿಸುವಾಗ ಗೇಟಿನ ಚಿಲಕ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬೆವರುತ್ತ ಜಯದೇವಪ್ಪ ನಿಂತಿದ್ದ.

ಅನಂತರಾಮು ಬಾಗಿಲಿಗೆ ಹೋಗಿ ಕನ್ನಡಕ ಸರಿಮಾಡಿಕೊಂಡರು. "ಯಾರು ಬೇಕಿತ್ತಪ್ಪಾ?"

ಅವನು ಕೈಮುಗಿದ. ಚೂಡಾಮಣಿ ಒಳಗಿನಿಂದ ಬಂದು ತಂದೆಯ ಪಕ್ಕ ನಿಂತಳು.

"ಅವರು ನನಗೆ ಬೇಕಾದವರು, ಅಪ್ಪಾ."

ಅನಂತರಾಮು ಮಗಳನ್ನು ನೋಡಿದರು, ಅವನನ್ನು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ, ಒಬ್ಬರು ಒಳಗೆ ಬರುವಷ್ಟು ಜಾಗ ಬಿಟ್ಟು, ಬಾಗಿಲಿನಿಂದ ಪಕ್ಕಕ್ಕೆ ಸರಿದರು.