ಮಲಗಿದ ಮೀನುಗಳ ಮಡು

ಕೊನೆಯ ಮೀನನ್ನು ತಾರಾಮತಿ ಒದ್ದೆ ಬಟ್ಟೆಯಲ್ಲಿ ಹಿಡಿದು ದಂಡೆಯ ಬೂದುಬಣ್ಣದ ಜೇಡಿಮಣ್ಣಿನೊಳಗೆ ಇಳಿಸಿದಳು. ಅದು ಎರಡು ಸಲ ಬಾಲ ಬಡಿದು ಸುಮ್ಮನಾಯಿತು. ಜೇಡಿ ಹಸಿಗೂಸಿನ ಬಟ್ಟೆಯ ಹಾಗೆ ಅದರ ಮೈಗೆ ಸುತ್ತಿಕೊಂಡಿತು. ಅವಳ ಕಿವಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ಮೀನಿನ ಎದೆಬಡಿತ ನಿಧಾನವಾಗುತ್ತ ಬಂತು. ಕೊನೆಕೊನೆಗೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಲೋಟ ನೀರು ಕುಡಿದು ಮುಗಿಸಬಹುದಿತ್ತು.

ಆಫ್ರಿಕದಲ್ಲಿ ಒಂದು ಜಾತಿಯ ಮೀನು ಬೇಸಿಗೆಯನ್ನೆಲ್ಲ ಕೆಸರಲ್ಲಿ ಹೂತುಕೊಂಡೇ ಕಳೆಯುತ್ತದೆ. ತಿಂದದ್ದನ್ನು ಶಕ್ತಿಯಾಗಿಸುವ ಮೈಯೊಳಗಿನ ಕೆಲಸಕ್ಕೆ ಚಯಾಪಚಯ ಎನ್ನುತ್ತಾರೆ. ದೀಪದ ಬತ್ತಿ ಇಳಿಸಿದಂತೆ ಆ ಮೀನು ಅದನ್ನು ಇಳಿಸಿಕೊಳ್ಳಬಲ್ಲದು. ಕಪ್ಪರಹೊಳೆಯ ಬೆಳ್ಳಿಮೀಸೆ ಮೀನಿಗೆ ಆ ವಿದ್ಯೆ ಇರಲಿಲ್ಲ. ತಾರಾಮತಿ ತಯಾರಿಸಿದ ಜೇಡಿ ಅದನ್ನು ಕಲಿಸಿತು. ಅಷ್ಟರಲ್ಲಿ ಅವಳ ಹರೆಯವೆಲ್ಲ ಕಳೆದಿತ್ತು.

ಇನ್ನೊಂದು ಮೂವತ್ತು ನಲವತ್ತು ವರ್ಷ ಮುಂದಿನ ಮಾತು ಇದು. ಆ ಹೊಳೆಯ ಕೆಳಗೆ ಕಲ್ಲಿದ್ದಲು ಸಿಕ್ಕಿತ್ತು. ಗಣಿಯೊಳಗೆ ನೀರು ನಿಲ್ಲಬಾರದೆಂದು ಪಂಪುಗಳು ನೆಲದ ನೀರನ್ನು ಎಳೆದೆಳೆದು ಚೆಲ್ಲಿದವು. ಕೆಳಗೆ ಬರಿದಾದಂತೆ ಮೇಲಿನ ಹೊಳೆ ಇಂಗಿತು. ಅಂಬಿಗರ ಮನೆಗಳು ಒಂದೊಂದಾಗಿ ಖಾಲಿಯಾದವು. ಉಳಿದದ್ದು ಒಂದು ಮಡು, ಅದರೊಳಗೆ ಜಗತ್ತಿನ ಕೊನೆಯ ಬೆಳ್ಳಿಮೀಸೆಗಳು, ಈ ದಂಡೆಗೆ ತಾರಾಮತಿಯ ತಗಡಿನ ಪ್ರಯೋಗಶಾಲೆ, ಆ ದಂಡೆಗೆ ಊರು ಬಿಡದ ಹುಲಿಗೆವ್ವ. ಹುಲಿಗೆವ್ವನ ದೋಣಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ಅದರ ಮೇಲೆ ಅವಳು ಮೆಣಸಿನಕಾಯಿ ಒಣಹಾಕುತ್ತಿದ್ದಳು. ದಿನಕ್ಕೊಮ್ಮೆ ಇಬ್ಬರೂ ಕೈ ಎತ್ತಿ, ಬದುಕಿದ್ದೇವೆಂದು ತೋರಿಸಿಕೊಳ್ಳುತ್ತಿದ್ದರು.

ಅಂಬಿಗರಲ್ಲಿ ಒಂದು ಕಟ್ಟುಪಾಡಿತ್ತು. ಬೇಸಿಗೆಯಲ್ಲಿ ಮಡುವಿಗೆ ಚುರುಮುರಿ ಎರಚಬೇಕು. ಮೀನಿನ ಬಾಯಿ ಮೇಲೆ ಕಂಡರೆ ಆ ಮಡುವಿನ ನೀರನ್ನು ಯಾರೂ ಎತ್ತಬಾರದು. ಊರು ಬಿಡುವಾಗ ಅವರು ಹಟಹಿಡಿದು ಇದನ್ನೇ ಗಣಿಯ ಕರಾರಿಗೆ ಸೇರಿಸಿದ್ದರು. ಪ್ರತಿ ಅಮಾವಾಸ್ಯೆ ಹುಲಿಗೆವ್ವ ಎರಚುವಳು, ಮೀನು ಏಳುವುವು, ಮಡುವಿನ ಪಕ್ಕದ ಪಂಪು ಸುಮ್ಮನಿರುವುದು.

ಮೀನು ಮಲಗಿದ ಮೇಲೆ ಬಂದ ಅಮಾವಾಸ್ಯೆಗೆ ಗಣಿಯ ಇಂಜಿನಿಯರ್ ಮಹಾಂತೇಶ ಎಂದಿನಂತೆ ಬಂದು ನಿಂತ. ಹುಲಿಗೆವ್ವ ಎರಚಿದಳು. ಚುರುಮುರಿ ತೇಲಿತು, ನೆನೆಯಿತು, ಮುಳುಗಿತು.

ಮಹಾಂತೇಶ ಕೆಟ್ಟವನಲ್ಲ. ನಾಡಿದ್ದು ಪಂಪು ಶುರುವಾಗುತ್ತದೆ ಎಂದು ಮೆಲ್ಲಗೇ ಹೇಳಿದ. ಮೀನು ಸತ್ತಿಲ್ಲ, ಮಲಗಿವೆ ಎಂದು ತಾರಾಮತಿ ವಾದಿಸಿದಳು. ಹಾಗಾದರೆ ಅವಕ್ಕೆ ಇನ್ನು ನೀರಿನ ಹಂಗೇ ಇಲ್ಲವಲ್ಲ, ನಿಮ್ಮ ಜೇಡಿಯಿಂದ ನಮಗೂ ಉಪಕಾರವಾಯಿತು ಎಂದು ಅವನು ಕೈಮುಗಿದು ಹೋದ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಹುಲಿಗೆವ್ವ ಖಾಲಿ ಮೊರ ಕೊಡವಿದಳು. “ಎಲ್ಲಾನೂ ಮಲಗಿಸ್ತೀನಂತ ಮೊದಲ ಒಂದು ಮಾತು ಹೇಳಬಾರದೇನ್ರಿ ಬಾಯಾರ?”

“ನೀರು ಕಾದಿತ್ತು ಹುಲಿಗೆವ್ವ. ಒಂದಾದರೂ ಸತ್ತೀತು ಅಂತ ಹೆದರಿಕೆ. ಹೊಳೆ ಬಂದ ಕೂಡಲೇ ತಾವೇ ಏಳ್ತಾವೆ.”

“ಎಲ್ಲಿಂದ ಬರತೈತ್ರಿ ಹೊಳಿ? ಮಲಗಿದಾಕಿ ಮನ್ಯಾಗಿನ ಕೊಡ ಯಾರು ಕಾಯ್ತಾರ?”

ನಡುವೆ ಎಬ್ಬಿಸಿದರೆ ಅರ್ಧಕ್ಕರ್ಧ ಸಾಯುತ್ತವೆಂದು ತಾರಾಮತಿಗೆ ಗೊತ್ತಿತ್ತು. ಎಬ್ಬಿಸದಿದ್ದರೆ ಒಂದೂ ಸಾಯುವುದಿಲ್ಲ. ಆದರೆ ಏಳುವುದಕ್ಕೆ ಹೊಳೆಯೇ ಇರುವುದಿಲ್ಲ.

ಬೆಳಗಾಗುತ್ತಲೇ ಇಬ್ಬರೂ ಮಡುವಿಗೆ ಇಳಿದರು. ಜೇಡಿ ಒಡೆದು, ಮೀನನ್ನು ಅಂಗೈಯಲ್ಲಿ ಹಿಡಿದು, ಕಿವಿರಿನೊಳಗೆ ನೀರು ಹೊಗಲೆಂದು ಮುಂದೆ ಹಿಂದೆ ಆಡಿಸಿದರು. ಕೆಲವು ಸರಕ್ಕನೆ ಜಾರಿ ಹೋದವು. ಕೆಲವು ಕೈಯಲ್ಲೇ ಉಳಿದವು. ಮೊಟ್ಟೆ ತುಂಬಿದ ದೊಡ್ಡ ಹೆಣ್ಣುಮೀನನ್ನು ತಾರಾಮತಿ ಬಿಸಿಲೇರುವ ತನಕ ಆಡಿಸುತ್ತಲೇ ಇದ್ದಳು.

“ಸಾಕು ಬಿಡ್ರಿ ಬಾಯಾರ,” ಎಂದಳು ಹುಲಿಗೆವ್ವ. “ಹೋತು ಅದು.”

ಮಹಾಂತೇಶನನ್ನು ಕರೆಸಿ ತೋರಿಸಿದರು. ನಾಲ್ಕಾರು ಬಾಯಿಗಳು ಮೇಲೆ ಕಂಡವು. ಅವನು ಬಹಳ ಹೊತ್ತು ನೋಡಿ, ಪಂಪು ಶುರು ಮಾಡಬೇಡಿ ಎಂದು ಫೋನ್ ಮಾಡಿದ.

ಜೇಡಿಯ ಸುದ್ದಿ ಮಾತ್ರ ಅಷ್ಟರಲ್ಲಿ ಹರಡಿತ್ತು. ದೂರದೂರದ ಗಣಿಗಳಿಂದ ತಾರಾಮತಿಗೆ ಕರೆಗಳು ಬರತೊಡಗಿದವು. ಎಲ್ಲರೂ ಹೊಗಳಿದರು, ತಮ್ಮ ಹೊಳೆಯ ಮೀನಿಗೂ ಅಂಥ ಜೇಡಿ ಬೇಕೆಂದರು. ಅವಳು ಯಾರಿಗೂ ಕೊಡಲಿಲ್ಲ. ಕರೆಗಳು ನಿಂತವು, ಅವಳನ್ನು ಅಲ್ಲಿಗೆ ಕಳಿಸಿದ್ದ ಸಂಸ್ಥೆಯವರೂ ಮರೆತರು. ತಗಡಿನ ಮನೆಯಲ್ಲಿ ಕೂತು ಅವಳು ಆ ಬೆಚ್ಚನೆಯ ಅರೆನೀರಿನಲ್ಲಿ ಏದುಸಿರು ಬಿಡುವ ಮೀನುಗಳನ್ನು ನೋಡುತ್ತಿದ್ದಳು. ಅವು ಸುಖವಾಗಿರಲಿಲ್ಲ. ಅವು ಹಾಗಿದ್ದುದರಿಂದಲೇ ಮಡು ಇತ್ತು.

ಅಂಥ ಜೇಡಿಯನ್ನು ಈವರೆಗೆ ಯಾರೂ ಮಾಡಿಲ್ಲ. ನಮ್ಮ ಕಾಲದ ಹೊಳೆಗಳಲ್ಲಿ ಮೀನಿಗೆ ಇನ್ನೂ ನೀರೇ ಬೇಕು.